ಶಿಬಿರದ ಶಾಲೆ, ಶಿಬಿರದ ಮೈದಾನ

ಕೆನ್ಯಾದ ವಾಯವ್ಯ ಮೂಲೆಯ ಒಣನೆಲದಲ್ಲಿರುವ ಕಾಕುಮಾ ನಿರಾಶ್ರಿತರ ಶಿಬಿರ 1992ರಲ್ಲಿ ಶುರುವಾಯಿತು. ಅಲ್ಲಿಗೆ ಮೊದಲು ಬಂದವರಲ್ಲಿ ಬಹಳಷ್ಟು ಮಂದಿ ಮಕ್ಕಳು. ಸುಡಾನಿನ ಅಂತರ್ಯುದ್ಧದಲ್ಲಿ ಊರು ಕಳೆದುಕೊಂಡು, ಅಪ್ಪ ಅಮ್ಮನಿಂದ ಬೇರೆಯಾದ ಸಾವಿರಾರು ಹುಡುಗರು 1987ರ ಸುಮಾರಿಗೆ ಕಾಲ್ನಡಿಗೆಯಲ್ಲೇ ಇಥಿಯೋಪಿಯಾ ಸೇರಿದ್ದರು. 1991ರಲ್ಲಿ ಅಲ್ಲಿನ ಸರ್ಕಾರ ಉರುಳಿದಾಗ ಅಲ್ಲಿಂದಲೂ ಓಡಬೇಕಾಯಿತು. ದಾರಿಯಲ್ಲಿ ಹಸಿವು, ನದಿ, ಗುಂಡೇಟುಗಳಿಗೆ ಅನೇಕರು ಬಲಿಯಾದರು. ಉಳಿದವರು ಕೆನ್ಯಾದ ಗಡಿ ದಾಟಿ ತುರ್ಕಾನಾ ಸೀಮೆಯ ಕಾಕುಮಾದಲ್ಲಿ ನೆಲೆ ನಿಂತರು. ಮೂರು ದಶಕ ಕಳೆದರೂ ಆ ಶಿಬಿರ ಮುಚ್ಚಿಲ್ಲ. ಪಕ್ಕದ ಕಲೊಬೆಯೈ ವಸತಿಯೂ ಸೇರಿ ಅಲ್ಲಿ ಈಗ ಎರಡು ಲಕ್ಷಕ್ಕೂ ಹೆಚ್ಚು ಜನರಿದ್ದಾರೆ. ದಕ್ಷಿಣ ಸುಡಾನ್, ಸೊಮಾಲಿಯಾ, ಕಾಂಗೊ, ಬುರುಂಡಿ, ಇಥಿಯೋಪಿಯಾ ಎಂದು ಹತ್ತಾರು ದೇಶ, ಸಮುದಾಯಗಳಿಗೆ ಸೇರಿದವರು ಅವರು. ಶಿಬಿರದಲ್ಲೇ ಹುಟ್ಟಿ, ಅಲ್ಲೇ ಓದಿ, ಅಲ್ಲೇ ಮದುವೆಯಾಗಿ ಮಕ್ಕಳನ್ನು ಪಡೆದವರೂ ಇದ್ದಾರೆ.

ನೆಲೆ ತಪ್ಪಿದ ಮಕ್ಕಳ ಸಮಸ್ಯೆ ಒಂದು ಶಿಬಿರಕ್ಕೆ ಸೀಮಿತವಾದುದಲ್ಲ. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ ಲೆಕ್ಕದಂತೆ 2024ರ ಕೊನೆಗೆ ಜಗತ್ತಿನಲ್ಲಿ ಬಲವಂತವಾಗಿ ನೆಲೆ ಕಳೆದುಕೊಂಡವರು 12.3 ಕೋಟಿ. ಅವರಲ್ಲಿ ಶೇ 40ರಷ್ಟು 18 ವರ್ಷದೊಳಗಿನವರು. ಅದೇ ಸಂಸ್ಥೆ 2024ರಲ್ಲಿ ಹೊರತಂದ ಶಿಕ್ಷಣ ವರದಿಯ ಪ್ರಕಾರ, ಶಾಲಾ ವಯಸ್ಸಿನ 1.48 ಕೋಟಿ ನಿರಾಶ್ರಿತ ಮಕ್ಕಳ ಪೈಕಿ ಸುಮಾರು 72 ಲಕ್ಷ ಮಕ್ಕಳು ಶಾಲೆಯಿಂದ ಹೊರಗಿದ್ದರು. ಪ್ರಾಥಮಿಕ ಹಂತದಲ್ಲಿ ಶೇ 65ರಷ್ಟಿದ್ದ ದಾಖಲಾತಿ ಪ್ರೌಢಶಾಲೆಯ ಹೊತ್ತಿಗೆ ಶೇ 42ಕ್ಕೆ ಇಳಿದಿತ್ತು. ಕಟ್ಟಡ, ಬೆಂಚು, ಪುಸ್ತಕಗಳ ಕೊರತೆ ಇದಕ್ಕೆ ಒಂದು ಕಾರಣ. ಅದಕ್ಕಿಂತ ದೊಡ್ಡ ಕೊರತೆ ಮಕ್ಕಳ ಜೊತೆ ದಿನವೂ ನಿಲ್ಲಬಲ್ಲ, ಆ ಕೆಲಸ ಕಲಿತ ದೊಡ್ಡವರದು. ತರಗತಿಯಲ್ಲಿ ಅವರು ಶಿಕ್ಷಕರು, ಮೈದಾನದಲ್ಲಿ ಕೋಚ್‌ಗಳು.

ಗಡಿ ದಾಟಿದ ಮಗು ಹೊಸ ಶಾಲೆಯ ಬಾಗಿಲಿಗೆ ಬರುವ ಹೊತ್ತಿಗೆ ಹಲವು ತೊಡಕುಗಳು ಅದರ ಹೆಗಲೇರಿರುತ್ತವೆ. ಮೊದಲನೆಯದು ಭಾಷೆ. ಕಾಕುಮಾದ ಶಾಲೆಗಳಲ್ಲಿ ಕೆನ್ಯಾದ ಪಠ್ಯಕ್ರಮ ನಡೆಯುತ್ತದೆ. ಪಾಠ ಇಂಗ್ಲಿಷ್ ಮತ್ತು ಸ್ವಾಹಿಲಿಯಲ್ಲಿ. ಮನೆಯಲ್ಲಿ ಡಿಂಕಾ, ನುಯೆರ್ ಅಥವಾ ಸೊಮಾಲಿ ಮಾತಾಡುವ ಮಗುವಿಗೆ ಈ ಎರಡೂ ಹೊಸವು. ಎರಡನೆಯದು ವಯಸ್ಸು. ಯುದ್ಧದಲ್ಲಿ ನಾಲ್ಕೈದು ವರ್ಷ ಓದು ನಿಂತು ಹೋಗಿ, ಹದಿಮೂರು ಹದಿನಾಲ್ಕರ ಹುಡುಗ ಏಳು ವರ್ಷದವರ ಪಕ್ಕ ಕೂರಬೇಕಾಗುತ್ತದೆ. ಮೂರನೆಯದು ದಾಖಲೆ. ಹಿಂದಿನ ಶಾಲೆಯ ಅಂಕಪಟ್ಟಿ, ಜನನ ಪ್ರಮಾಣಪತ್ರಗಳು ಸುಟ್ಟ ಮನೆಯೊಂದಿಗೇ ಹೋಗಿರುತ್ತವೆ. ಇವೆಲ್ಲಕ್ಕೂ ಮೇಲೆ ಕಂಡದ್ದರ ನೆನಪು. ನಿದ್ದೆಯಿಲ್ಲದ ರಾತ್ರಿ, ಸಣ್ಣ ಸದ್ದಿಗೂ ಬೆಚ್ಚುವುದು, ಮಾತು ನಿಂತುಹೋಗುವುದು, ಕಾರಣವಿಲ್ಲದೆ ಕೆರಳುವುದು, ಇವು ತರಗತಿಯಲ್ಲಿ ಹಟವಾಗಿಯೋ ಸೋಮಾರಿತನವಾಗಿಯೋ ಕಾಣುತ್ತವೆ. ತರಬೇತಿ ಇಲ್ಲದ ಶಿಕ್ಷಕರು ಅವನ್ನು ಹಟವೆಂದೇ ಓದಿಕೊಂಡು ಬೆತ್ತ ಎತ್ತುತ್ತಾರೆ.

ಶಿಬಿರದ ಶಾಲೆಗಳಲ್ಲಿ ಪಾಠ ಹೇಳುವವರು ಯಾರು ಎಂಬುದನ್ನು ಗಮನಿಸಬೇಕು. ಕಾಕುಮಾದಲ್ಲಿ ಅವರಲ್ಲಿ ಹೆಚ್ಚಿನವರು ನಿರಾಶ್ರಿತರೇ. ಹಲವರು ಅದೇ ಶಿಬಿರದಲ್ಲಿ ಪ್ರೌಢಶಾಲೆ ಮುಗಿಸಿ ನೇರವಾಗಿ ಕಪ್ಪುಹಲಗೆಯ ಮುಂದೆ ನಿಂತ ಯುವಕ ಯುವತಿಯರು. ಶಿಕ್ಷಕ ವೃತ್ತಿಯ ಡಿಪ್ಲೊಮಾ ಪಡೆದವರು ಕಡಿಮೆ, ಮಹಿಳೆಯರು ಇನ್ನೂ ಕಡಿಮೆ. ಒಬ್ಬ ಶಿಕ್ಷಕರ ಎದುರು ನೂರಕ್ಕೂ ಹೆಚ್ಚು ಮಕ್ಕಳು ಕೂರುವುದು ಅಲ್ಲಿ ವಿಶೇಷವೇನಲ್ಲ. ಪಾಠ ಹೇಳುವವರು ಕೂಡ ಮಕ್ಕಳಷ್ಟೇ ನೋವುಂಡವರು. ಅವರ ಮನೆಯಲ್ಲೂ ಪಡಿತರ ಸಾಲುವುದಿಲ್ಲ, ಅವರ ಬಂಧುಗಳೂ ಯುದ್ಧದಲ್ಲಿ ಕಾಣೆಯಾಗಿದ್ದಾರೆ. ನಿರಾಶ್ರಿತರಿಗೆ ಕೆಲಸ ಮಾಡುವ ಹಕ್ಕಿನ ಮೇಲೆ ನಿರ್ಬಂಧಗಳಿರುವುದರಿಂದ ಇವರಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಅದೇ ಶಾಲೆಯಲ್ಲಿ ಅದೇ ಕೆಲಸ ಮಾಡುವ ಕೆನ್ಯಾದ ಶಿಕ್ಷಕರ ವೇತನಕ್ಕೆ ಹೋಲಿಸಿದರೆ ಅದು ತೀರಾ ಕಡಿಮೆ.

ಇಂಥ ಶಿಕ್ಷಕರನ್ನು ಎರಡು ವರ್ಷ ಕಾಲೇಜಿಗೆ ಕಳಿಸಿ ಕಾಯುವಷ್ಟು ವ್ಯವಧಾನ ಶಿಬಿರಕ್ಕೆ ಇರುವುದಿಲ್ಲ. ಎರಡು ದಿನದ ಕಾರ್ಯಾಗಾರ ನಡೆಸಿ, ಪ್ರಮಾಣಪತ್ರ ಹಂಚಿ, ಫೋಟೊ ತೆಗೆದು ಹೊರಟುಬಿಡುವ ಪದ್ಧತಿ ದೀರ್ಘಕಾಲ ಚಾಲ್ತಿಯಲ್ಲಿತ್ತು. ಒಂದೊಂದು ಸಂಸ್ಥೆಯದು ಒಂದೊಂದು ಕೈಪಿಡಿ, ಒಂದಕ್ಕೊಂದು ಹೊಂದಿಕೆ ಇಲ್ಲ. ಇದನ್ನು ಸರಿಪಡಿಸಲು, ತುರ್ತು ಪರಿಸ್ಥಿತಿಗಳಲ್ಲಿ ಶಿಕ್ಷಣಕ್ಕಾಗಿ ಕೆಲಸ ಮಾಡುವ ಸಂಸ್ಥೆಗಳ ಅಂತರರಾಷ್ಟ್ರೀಯ ಜಾಲವಾದ ಐಎನ್‌ಇಇ 2016ರಲ್ಲಿ ಪ್ರಾಥಮಿಕ ಶಾಲಾ ಶಿಕ್ಷಕರಿಗಾಗಿ ಒಂದು ಸಾಮಾನ್ಯ ತರಬೇತಿ ಪಠ್ಯವನ್ನು ಹೊರತಂದಿತು. ಯಾರು ಬೇಕಾದರೂ ಬಳಸಬಹುದಾದ ಈ ಪಠ್ಯದಲ್ಲಿ ನಾಲ್ಕು ಭಾಗಗಳಿವೆ: ಶಿಕ್ಷಕರ ಪಾತ್ರ ಮತ್ತು ಅವರ ಸ್ವಂತ ನೆಮ್ಮದಿ, ಮಕ್ಕಳ ರಕ್ಷಣೆ ಮತ್ತು ಎಲ್ಲರನ್ನೂ ಒಳಗೊಳ್ಳುವ ತರಗತಿ, ಬೋಧನಾ ವಿಧಾನ, ಪಠ್ಯಕ್ರಮ ಮತ್ತು ಪಾಠ ಯೋಜನೆ. ಶಿಕ್ಷಕರ ನೆಮ್ಮದಿಯ ಮಾತು ಮೊದಲ ಭಾಗದಲ್ಲೇ ಬಂದಿರುವುದಕ್ಕೆ ಕಾರಣವಿದೆ. ತನ್ನ ದುಗುಡವನ್ನು ಗುರುತಿಸಿ ನಿಭಾಯಿಸಲು ಬಾರದವರು ಇನ್ನೊಬ್ಬರ ಮಕ್ಕಳ ದುಗುಡವನ್ನು ಗುರುತಿಸುವುದು ಕಷ್ಟ.

ಈ ಪಠ್ಯವನ್ನು ದೊಡ್ಡ ಮಟ್ಟದಲ್ಲಿ ಪ್ರಯೋಗಿಸಿ ನೋಡಿದ ಜಾಗಗಳಲ್ಲಿ ಕಾಕುಮಾ ಒಂದು. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜು, ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಮತ್ತು ಫಿನ್ ಚರ್ಚ್ ಏಡ್ ಮೊದಲಾದ ಸಂಸ್ಥೆಗಳ ಜೊತೆಗೂಡಿ 'ಟೀಚರ್ಸ್ ಫಾರ್ ಟೀಚರ್ಸ್' ಎಂಬ ಕಾರ್ಯಕ್ರಮವನ್ನು ಅಲ್ಲಿ ನಡೆಸಿತು. ಅದರ ವಿಶೇಷ ಇರುವುದು ತರಬೇತಿ ಮುಗಿದ ಮೇಲಿನ ವ್ಯವಸ್ಥೆಯಲ್ಲಿ. ತರಬೇತಿ ಪಡೆದವರ ಪೈಕಿ ಕೆಲವರು ಸಹಶಿಕ್ಷಕರಿಗೆ ಮಾರ್ಗದರ್ಶಕರಾಗಿ, ಅವರ ತರಗತಿಯಲ್ಲಿ ಕೂತು ಪಾಠ ನೋಡಿ, ಆಮೇಲೆ ಮಾತಾಡುತ್ತಿದ್ದರು. ಶಿಕ್ಷಕರು ಆಗಾಗ ಸಣ್ಣ ಗುಂಪುಗಳಲ್ಲಿ ಸೇರಿ ತಮ್ಮ ತರಗತಿಯ ನಿಜವಾದ ಸಮಸ್ಯೆಯನ್ನು ಮುಂದಿಟ್ಟು ಚರ್ಚಿಸುತ್ತಿದ್ದರು. ಇದರ ಜೊತೆಗೆ ವಾಟ್ಸ್‌ಆ್ಯಪ್ ಗುಂಪುಗಳಿದ್ದವು. ಬೇರೆ ಬೇರೆ ದೇಶಗಳ ಅನುಭವಿ ಶಿಕ್ಷಕರು ಸ್ವಯಂಸೇವಕರಾಗಿ ಕಾಕುಮಾದ ಶಿಕ್ಷಕರ ಸಣ್ಣ ತಂಡಗಳ ಜೊತೆ ತಿಂಗಳುಗಟ್ಟಲೆ ಸಂಪರ್ಕದಲ್ಲಿರುತ್ತಿದ್ದರು. ನೂರು ಮಕ್ಕಳ ತರಗತಿಯಲ್ಲಿ ಗುಂಪು ಚಟುವಟಿಕೆ ಮಾಡಿಸುವುದು ಹೇಗೆ ಎಂಬ ಪ್ರಶ್ನೆ ಬೆಳಿಗ್ಗೆ ಎದ್ದರೆ, ಉತ್ತರಕ್ಕಾಗಿ ಮುಂದಿನ ಕಾರ್ಯಾಗಾರದವರೆಗೆ ಕಾಯಬೇಕಿರಲಿಲ್ಲ.

ಇಂಥ ತರಬೇತಿಯಿಂದ ತರಗತಿಯಲ್ಲಿ ಆಗುವ ಬದಲಾವಣೆಗಳು ಮೇಲುನೋಟಕ್ಕೆ ಸಣ್ಣವು. ಶಿಕ್ಷಕರು ಮಕ್ಕಳನ್ನು ಹೆಸರು ಹಿಡಿದು ಕರೆಯುತ್ತಾರೆ. ದಿನದ ಪಾಠ ಒಂದೇ ಕ್ರಮದಲ್ಲಿ ಶುರುವಾಗಿ ಒಂದೇ ಕ್ರಮದಲ್ಲಿ ಮುಗಿಯುತ್ತದೆ. ಮುಂದೇನು ಎಂಬುದು ಗೊತ್ತಿದ್ದಾಗ ಹೆದರಿದ ಮಗು ನಿರಾಳವಾಗುತ್ತದೆ. ಒಂದೇ ಭಾಷೆಯ ಮಕ್ಕಳನ್ನು ಆಗಾಗ ಜೊತೆಗೂಡಿಸಿ, ಅರ್ಥವಾದವರು ಅರ್ಥವಾಗದವರಿಗೆ ತಮ್ಮ ಭಾಷೆಯಲ್ಲಿ ವಿವರಿಸಲು ಬಿಡುತ್ತಾರೆ. ಕೆನ್ಯಾದಲ್ಲಿ ಶಾಲೆಯಲ್ಲಿ ಹೊಡೆಯುವುದಕ್ಕೆ 2001ರಿಂದ ನಿಷೇಧವಿದೆ. ಆದರೆ ಹೊಡೆತ ಬಿಟ್ಟರೆ ನೂರು ಮಕ್ಕಳನ್ನು ಹಿಡಿದಿಡುವ ಬೇರೆ ದಾರಿ ಯಾವುದು ಎಂದು ಕಲಿಸದೆ ಆ ನಿಷೇಧ ಜಾರಿಗೆ ಬರುವುದು ಕಷ್ಟ. ತರಬೇತಿ ಆ ದಾರಿಯನ್ನು ತೋರಿಸುತ್ತದೆ. ಶಿಕ್ಷಕರು ವೈದ್ಯರಲ್ಲ ಎಂಬುದನ್ನೂ ಅದು ಹೇಳಿಕೊಡುತ್ತದೆ: ಯಾವ ಮಗುವಿಗೆ ಆಪ್ತಸಮಾಲೋಚಕರ ನೆರವು ಬೇಕು, ಹಿಂಸೆ ಅಥವಾ ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ಯಾರಿಗೆ ತಿಳಿಸಬೇಕು ಎಂಬುದು ಅವರಿಗೆ ಗೊತ್ತಿದ್ದರೆ ಸಾಕು.

ಶಾಲೆಯ ಗಂಟೆ ಬಾರಿಸಿದ ಮೇಲೆ ಶಿಬಿರದ ಮಗುವಿಗೆ ಉಳಿಯುವುದು ಬಿಸಿಲು ಮತ್ತು ಬಯಲು. ಆ ಬಯಲಿನಲ್ಲಿ ಎಲ್ಲ ಕಡೆಯೂ ಕಾಣುವ ಆಟ ಫುಟ್‌ಬಾಲ್. ಅದಕ್ಕೆ ದೊಡ್ಡ ಖರ್ಚಿಲ್ಲ, ನಿಯಮಗಳು ಕಡಿಮೆ, ಭಾಷೆ ಬಾರದಿದ್ದರೂ ಆಡಬಹುದು. ಅಮೆರಿಕದ ಓಟಗಾರ ಲೋಪೆಜ್ ಲೊಮಾಂಗ್ ಬಾಲ್ಯದ ಹತ್ತು ವರ್ಷಗಳನ್ನು ಕಾಕುಮಾದಲ್ಲಿ ಕಳೆದವರು. 2008ರ ಬೀಜಿಂಗ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಅಮೆರಿಕದ ಧ್ವಜ ಹಿಡಿದು ನಡೆದವರು. ಅವರು ಶಿಬಿರದಲ್ಲಿದ್ದಾಗ, ಆಡಲು ಬರುವ ಹುಡುಗರು ಮಿತಿಮೀರಿದ್ದರಿಂದ, ಶಿಬಿರದ ಸುತ್ತ ಒಂದು ಸುತ್ತು ಓಡಿ ಬಂದವರಿಗೆ ಮಾತ್ರ ಫುಟ್‌ಬಾಲ್ ಎಂಬ ನಿಯಮವನ್ನು ದೊಡ್ಡ ಹುಡುಗರು ಮಾಡಿದ್ದರಂತೆ. ಆ ಒಂದು ಸುತ್ತು ಸುಮಾರು 30 ಕಿಲೋಮೀಟರ್ ಎಂದು ಅವರು ತಮ್ಮ ಆತ್ಮಕಥೆಯಲ್ಲಿ ನೆನೆದಿದ್ದಾರೆ. ಫುಟ್‌ಬಾಲ್ ಆಡುವ ಆಸೆಯೇ ಅವರನ್ನು ಓಟಗಾರನನ್ನಾಗಿ ಮಾಡಿತು.

ಕಾಕುಮಾದ ಇನ್ನೊಬ್ಬ ಹುಡುಗ ಅವೆರ್ ಮಾಬಿಲ್. 1995ರಲ್ಲಿ ಆ ಶಿಬಿರದಲ್ಲೇ ಹುಟ್ಟಿ, ಬರಿಗಾಲಲ್ಲಿ ಆಡಿ ಬೆಳೆದು, ಹತ್ತನೇ ವಯಸ್ಸಿನಲ್ಲಿ ಕುಟುಂಬದೊಂದಿಗೆ ಆಸ್ಟ್ರೇಲಿಯಾಕ್ಕೆ ಹೋದ. 2022ರ ಜೂನ್‌ನಲ್ಲಿ ಕತಾರ್‌ನಲ್ಲಿ ಪೆರು ವಿರುದ್ಧದ ಅರ್ಹತಾ ಪಂದ್ಯದಲ್ಲಿ ಮಾಬಿಲ್ ಗಳಿಸಿದ ಪೆನಾಲ್ಟಿ ಗೋಲು ಆಸ್ಟ್ರೇಲಿಯಾ ವಿಶ್ವಕಪ್ ತಲುಪಲು ನೆರವಾಯಿತು. ಅದಕ್ಕೂ ಎಷ್ಟೋ ಮೊದಲೇ ಸೋದರನ ಜೊತೆ ಸೇರಿ 'ಬೇರ್‌ಫೂಟ್ ಟು ಬೂಟ್ಸ್' ಎಂಬ ಸಂಸ್ಥೆ ಕಟ್ಟಿದ್ದ ಮಾಬಿಲ್, ಕಾಕುಮಾದ ಮಕ್ಕಳಿಗೆ ಬೂಟು, ಜೆರ್ಸಿಗಳನ್ನು ತಲುಪಿಸಿದರು. ಇಂಥ ಸಾಧಕರ ಕಥೆಗಳು ಮಕ್ಕಳಲ್ಲಿ ಆಸೆ ಹುಟ್ಟಿಸುತ್ತವೆ, ನಿಜ. ಆದರೆ ಲಕ್ಷ ಮಕ್ಕಳಲ್ಲಿ ಒಬ್ಬರಿಗೆ ಸಿಕ್ಕ ಫಲದಿಂದ ಒಂದು ಕಾರ್ಯಕ್ರಮವನ್ನು ಅಳೆಯಲಾಗದು. ಯಾವ ತಂಡಕ್ಕೂ ಆಯ್ಕೆಯಾಗದ ಉಳಿದ ಮಕ್ಕಳಿಗೆ ಆಟದಿಂದ ಏನು ಸಿಗುತ್ತದೆ ಎಂಬುದೇ ಸರಿಯಾದ ಪ್ರಶ್ನೆ.

ಆ ಪ್ರಶ್ನೆಗೆ ಉತ್ತರ ಯಾವಾಗಲೂ ಸಿಹಿಯಾಗಿಲ್ಲ. ಉತ್ತರ ಉಗಾಂಡದ ಗುಲು ಪ್ರದೇಶದಲ್ಲಿ ಲಾರ್ಡ್ಸ್ ರೆಸಿಸ್ಟೆನ್ಸ್ ಆರ್ಮಿಯ ದಂಗೆಯಿಂದಾಗಿ ಬಹುಪಾಲು ಜನ ವರ್ಷಗಟ್ಟಲೆ ಶಿಬಿರಗಳಲ್ಲಿ ಬದುಕಿದ್ದರು. ಯುದ್ಧ ನಿಂತ ಮೇಲೆ ಅಲ್ಲಿ 11ರಿಂದ 14 ವರ್ಷದ ಮಕ್ಕಳಿಗಾಗಿ 11 ವಾರಗಳ ಫುಟ್‌ಬಾಲ್ ಲೀಗ್ ಏರ್ಪಡಿಸಿ, ಆಡಿದವರನ್ನೂ ಆಡದವರನ್ನೂ ಹೋಲಿಸಿ ನೋಡಲಾಯಿತು. 2014ರಲ್ಲಿ ಪ್ರಕಟವಾದ ಆ ಅಧ್ಯಯನದ ಫಲಿತಾಂಶ ಅನೇಕರಿಗೆ ಅನಿರೀಕ್ಷಿತವಾಗಿತ್ತು. ಲೀಗ್‌ನಲ್ಲಿ ಆಡಿದ ಗಂಡುಮಕ್ಕಳು ಖಿನ್ನತೆ ಮತ್ತು ಆತಂಕದ ಲಕ್ಷಣಗಳ ವಿಷಯದಲ್ಲಿ, ಆಡದ ಹುಡುಗರಿಗೆ ಹೋಲಿಸಿದರೆ ಸುಧಾರಿಸುವ ಬದಲು ಹಿಂದೆ ಬಿದ್ದಿದ್ದರು. ಸೋಲು ಗೆಲುವೇ ಮುಖ್ಯವಾದ ಪಂದ್ಯಾವಳಿ ನೊಂದ ಮಗುವಿಗೆ ಇನ್ನೊಂದು ಸೋಲಿನ ಅನುಭವವಾಗಬಹುದು. ಮೈದಾನ ಮಾಡಿ ಚೆಂಡು ಕೊಟ್ಟರೆ ಮಿಕ್ಕದ್ದು ತಾನಾಗಿ ಆಗುತ್ತದೆ ಎಂಬ ನಂಬಿಕೆಯನ್ನು ಈ ಅಧ್ಯಯನ ಅಲುಗಾಡಿಸಿತು.

ಹಾಗಾದರೆ ಆಟವನ್ನು ಬೇರೆ ರೀತಿ ಆಡಿಸಬಹುದೇ? ಕೊಲಂಬಿಯಾದ ಮೆಡೆಲಿನ್ ನಗರದಲ್ಲಿ ಇದಕ್ಕೊಂದು ಉತ್ತರ ಸಿಕ್ಕಿತು. 1994ರ ವಿಶ್ವಕಪ್‌ನಲ್ಲಿ ತನ್ನದೇ ತಂಡದ ಗೋಲಿನೊಳಗೆ ಚೆಂಡು ಹೊಡೆದ ಆಟಗಾರ ಆಂಡ್ರೆಸ್ ಎಸ್ಕೊಬಾರ್ ಊರಿಗೆ ಮರಳಿದ ಕೆಲವೇ ದಿನಗಳಲ್ಲಿ ಆ ನಗರದಲ್ಲಿ ಗುಂಡಿಗೆ ಬಲಿಯಾದರು. ಆಗ ಅಲ್ಲಿದ್ದ ಜರ್ಮನಿಯ ಯುರ್ಗೆನ್ ಗ್ರೀಸ್‌ಬೆಕ್ 1996ರಲ್ಲಿ ಶಾಂತಿಗಾಗಿ ಫುಟ್‌ಬಾಲ್ ಎಂಬ ಕಾರ್ಯಕ್ರಮ ಶುರುಮಾಡಿದರು. ಅದರ ನಿಯಮಗಳೇ ಬೇರೆ. ಹುಡುಗರು, ಹುಡುಗಿಯರು ಒಂದೇ ತಂಡದಲ್ಲಿ ಆಡಬೇಕು. ತಂಡದ ಮೊದಲ ಗೋಲನ್ನು ಹುಡುಗಿಯೇ ಹೊಡೆಯಬೇಕು. ರೆಫರಿ ಇಲ್ಲ. ಪಂದ್ಯಕ್ಕೆ ಮೊದಲು ಎರಡೂ ತಂಡಗಳು ಕೂತು ನಿಯಮಗಳನ್ನು ಒಪ್ಪಿಕೊಳ್ಳುತ್ತವೆ, ಆಮೇಲೆ ಆಡುತ್ತವೆ, ಕೊನೆಗೆ ಮತ್ತೆ ಕೂತು ಯಾರು ಒಪ್ಪಂದಕ್ಕೆ ತಕ್ಕಂತೆ ನಡೆದುಕೊಂಡರು ಎಂದು ಚರ್ಚಿಸಿ ಪರಸ್ಪರ ಅಂಕ ಕೊಡುತ್ತವೆ. ಗೋಲಿನ ಲೆಕ್ಕಕ್ಕೆ ಈ ಅಂಕವೂ ಸೇರುತ್ತದೆ. ಮೂರು ಹಂತಗಳ ಈ ಆಟ ಈಗ 'ಫುಟ್‌ಬಾಲ್3' ಎಂಬ ಹೆಸರಿನಲ್ಲಿ ಹಲವು ದೇಶಗಳಲ್ಲಿದೆ. ರೆಫರಿ ಇಲ್ಲದಿದ್ದರೂ ಮಾತುಕತೆ ನಡೆಸಿಕೊಡುವ ಮಧ್ಯಸ್ಥರು ಇರಲೇಬೇಕು. ಜಗಳ ಜೋರಾದಾಗ ಸುಮ್ಮನಿರಬೇಕೇ, ನಡುವೆ ಬರಬೇಕೇ ಎಂದು ತಿಳಿದಿರುವ ಆ ಮಧ್ಯಸ್ಥರೂ ತರಬೇತಿಯಿಂದಲೇ ತಯಾರಾಗುವವರು.

ಜೋರ್ಡಾನ್‌ನ ಝಾತರಿ ಶಿಬಿರದ ಉದಾಹರಣೆ ಇದನ್ನೇ ಇನ್ನಷ್ಟು ಸ್ಪಷ್ಟಪಡಿಸುತ್ತದೆ. 2012ರ ಜುಲೈನಲ್ಲಿ ಸಿರಿಯಾದ ನಿರಾಶ್ರಿತರಿಗಾಗಿ ತೆರೆದ ಈ ಶಿಬಿರದಲ್ಲಿ ಬಹಳ ವರ್ಷ ಸುಮಾರು 80 ಸಾವಿರ ಜನರಿದ್ದರು, ಅವರಲ್ಲಿ ಅರ್ಧಕ್ಕೂ ಹೆಚ್ಚು ಮಕ್ಕಳು. ಶಾಲೆ ಎರಡು ಪಾಳಿಯಲ್ಲಿ: ಬೆಳಿಗ್ಗೆ ಹುಡುಗಿಯರಿಗೆ, ಮಧ್ಯಾಹ್ನ ಹುಡುಗರಿಗೆ. ಉಳಿದ ಅರ್ಧ ದಿನ ಖಾಲಿ. ಜೋರ್ಡಾನ್‌ನ ರಾಜಕುಮಾರ ಅಲಿ ಬಿನ್ ಅಲ್ ಹುಸೇನ್ ಸ್ಥಾಪಿಸಿದ ಏಷ್ಯನ್ ಫುಟ್‌ಬಾಲ್ ಡೆವಲಪ್‌ಮೆಂಟ್ ಪ್ರಾಜೆಕ್ಟ್, ಯುರೋಪಿನ ಫುಟ್‌ಬಾಲ್ ಒಕ್ಕೂಟದ ನೆರವಿನೊಂದಿಗೆ ಆ ಅರ್ಧ ದಿನಕ್ಕೆ ಆಟವನ್ನು ತಂದಿತು. ಹೊರಗಿನಿಂದ ಕೋಚ್‌ಗಳನ್ನು ಕರೆಸುವ ಬದಲು ಶಿಬಿರದಲ್ಲಿದ್ದ ಸಿರಿಯಾದ ಗಂಡಸರಿಗೂ ಹೆಂಗಸರಿಗೂ ತರಬೇತಿ ಕೊಟ್ಟು ಅವರನ್ನೇ ಕೋಚ್‌ಗಳನ್ನಾಗಿ ಮಾಡಿದ್ದು ಇದರ ಮುಖ್ಯ ಅಂಶ. ಮಹಿಳಾ ಕೋಚ್ ಇರುವುದು ಗೊತ್ತಾದಾಗಲೇ ಹಲವು ತಾಯ್ತಂದೆಯರು ಹೆಣ್ಣುಮಕ್ಕಳನ್ನು ಮೈದಾನಕ್ಕೆ ಕಳಿಸಲು ಒಪ್ಪುತ್ತಾರೆ. ಹಿಜಾಬ್ ಧರಿಸಿ ಅಧಿಕೃತ ಪಂದ್ಯ ಆಡುವುದಕ್ಕಿದ್ದ ತಡೆ 2014ರಲ್ಲಿ ಪೂರ್ತಿಯಾಗಿ ತೆರವಾದದ್ದೂ ಈ ಹುಡುಗಿಯರ ದಾರಿಯನ್ನು ಸುಗಮ ಮಾಡಿತು. ಆ ತಡೆ ತೆರವಾಗಬೇಕೆಂದು ಫಿಫಾದೊಳಗೆ ಒತ್ತಾಯಿಸಿದವರು ಇದೇ ರಾಜಕುಮಾರ ಅಲಿ. ಬಾಲ್ಯವಿವಾಹದ ಒತ್ತಡ ಹೆಚ್ಚಾಗಿದ್ದ ಶಿಬಿರದಲ್ಲಿ, ಹುಡುಗಿಯೊಬ್ಬಳು ವಾರಕ್ಕೆ ಕೆಲವು ಸಲ ಮನೆಯಿಂದ ಹೊರಬಂದು ನಂಬಿಕಸ್ಥ ಹೆಂಗಸೊಬ್ಬರ ಕಣ್ಣಳತೆಯಲ್ಲಿ ಇರುವುದು ಆಟಕ್ಕಿಂತ ದೊಡ್ಡ ಸಂಗತಿ.

ಬೇರೆ ಬೇರೆ ಸಮುದಾಯಗಳನ್ನು ಆಟ ಒಂದುಗೂಡಿಸುತ್ತದೆ ಎಂಬ ಮಾತಿಗೂ ಮಿತಿಯಿದೆ. ಇಸ್ಲಾಮಿಕ್ ಸ್ಟೇಟ್ ದಾಳಿಯಿಂದ ನೆಲೆ ತಪ್ಪಿದ್ದ ಇರಾಕಿನ ಕ್ರೈಸ್ತ ಯುವಕರ ಹವ್ಯಾಸಿ ತಂಡಗಳಲ್ಲಿ ಸಾಲ್ಮಾ ಮೂಸಾ ಎಂಬ ಸಂಶೋಧಕಿ ಒಂದು ಪ್ರಯೋಗ ನಡೆಸಿದರು. ಚೀಟಿ ಎತ್ತಿದಂತೆ ಆರಿಸಿ ಕೆಲವು ತಂಡಗಳಿಗೆ ಮುಸ್ಲಿಂ ಆಟಗಾರರನ್ನು ಸೇರಿಸಲಾಯಿತು, ಉಳಿದವು ಕ್ರೈಸ್ತರ ತಂಡಗಳಾಗಿಯೇ ಮುಂದುವರಿದವು. 2020ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಫಲಿತಾಂಶ ಹೀಗಿದೆ: ಮಿಶ್ರ ತಂಡದಲ್ಲಿ ಆಡಿದವರು ತಿಂಗಳುಗಳ ನಂತರವೂ ಮುಸ್ಲಿಂ ಆಟಗಾರರ ಜೊತೆ ಅಭ್ಯಾಸ ಮಾಡುವ ಸಾಧ್ಯತೆ ಹೆಚ್ಚಿತ್ತು, ಮೈದಾನದ ಹೊರಗೆ, ಗುರುತಿಲ್ಲದ ಮುಸ್ಲಿಮರ ಬಗೆಗಿನ ನಡವಳಿಕೆಯಲ್ಲಿ ಮಾತ್ರ ಅಂಥ ಬದಲಾವಣೆ ಕಾಣಲಿಲ್ಲ. ಜೊತೆಗೆ ಆಡಿದವರ ಮೇಲೆ ಹುಟ್ಟಿದ ವಿಶ್ವಾಸ ಅವರ ಇಡೀ ಸಮುದಾಯಕ್ಕೆ ತಾನಾಗಿ ಹರಡುವುದಿಲ್ಲ. ಅದಕ್ಕೆ ಶಾಲೆ, ಸಂತೆ, ನೆರೆಹೊರೆಗಳಲ್ಲೂ ಕೆಲಸ ನಡೆಯಬೇಕು.

ಈ ಅನುಭವಗಳನ್ನು ಒಟ್ಟಿಗೆ ನೋಡಿದರೆ ಒಳ್ಳೆಯ ಕಾರ್ಯಕ್ರಮದ ಲಕ್ಷಣಗಳು ಕಾಣುತ್ತವೆ. ಶಿಕ್ಷಕರು ಮತ್ತು ಕೋಚ್‌ಗಳು ಒಬ್ಬರನ್ನೊಬ್ಬರು ಬಲ್ಲವರಾಗಿರಬೇಕು. ಸಾಧ್ಯವಾದರೆ ಇಬ್ಬರೂ ಒಂದೇ ತರಬೇತಿಯಲ್ಲಿ ಕೂರಬೇಕು. ಮೂರು ದಿನ ಶಾಲೆಗೆ ಬಾರದ ಹುಡುಗ ಸಂಜೆ ಮೈದಾನದಲ್ಲಿ ಕಂಡರೆ ಆ ಸುದ್ದಿ ಶಾಲೆಗೆ ತಲುಪಬೇಕು. ಹಾಗೆಂದು ಶಾಲೆ ತಪ್ಪಿಸಿದ್ದಕ್ಕೆ ಶಿಕ್ಷೆಯಾಗಿ ಆಟ ನಿಲ್ಲಿಸುವುದು ಜಾಣತನವಲ್ಲ. ಆ ಮಗುವಿಗೂ ದೊಡ್ಡವರಿಗೂ ನಡುವೆ ಉಳಿದಿರುವ ಕೊನೆಯ ಎಳೆ ಅದೇ ಆಗಿರಬಹುದು. ಆಟಕ್ಕೆ ನಿಗದಿಯಾದ ದಿನ, ನಿಗದಿಯಾದ ಹೊತ್ತು ಇರಬೇಕು, ಆಡಲು ಬಂದವರೆಲ್ಲರಿಗೂ ಅವಕಾಶ ಸಿಗಬೇಕು. ಸ್ಥಳೀಯ ಮಕ್ಕಳನ್ನು ಹೊರಗಿಡಬಾರದು. ಕಾಕುಮಾದ ಸುತ್ತಲಿನ ತುರ್ಕಾನಾ ಜನರೂ ಬರ ಮತ್ತು ಬಡತನದಲ್ಲಿ ಬದುಕುವವರು. ನಿರಾಶ್ರಿತರಿಗೆ ಮಾತ್ರ ಸವಲತ್ತು ಸಿಕ್ಕರೆ ಅಸಮಾಧಾನ ಹುಟ್ಟುವುದು ಸಹಜ. ಉಗಾಂಡದಲ್ಲಿ ನಿರಾಶ್ರಿತರಿಗೆಂದು ಬರುವ ನೆರವಿನ ಶೇ 30ರಷ್ಟು ಸ್ಥಳೀಯರಿಗೆ ತಲುಪಬೇಕೆಂಬ ಸೂತ್ರವಿದೆ. ಬಾಂಗ್ಲಾದೇಶದ ರೊಹಿಂಗ್ಯಾ ಶಿಬಿರಗಳ ಕಲಿಕಾ ಕೇಂದ್ರಗಳಲ್ಲಿ ಸ್ಥಳೀಯ ಶಿಕ್ಷಕರೊಬ್ಬರು, ರೊಹಿಂಗ್ಯಾ ಶಿಕ್ಷಕರೊಬ್ಬರು ಜೋಡಿಯಾಗಿ ಕಲಿಸುವ ಪದ್ಧತಿಯೂ ಸ್ಥಳೀಯರನ್ನು ಒಳಗೊಂಡಿತ್ತು.

ನೆಲೆ ತಪ್ಪಿದವರಿಗೆ ಶಾಲೆಯೂ ಆಟವೂ ಎಷ್ಟು ಮುಖ್ಯ ಎಂಬುದಕ್ಕೆ ಕರ್ನಾಟಕದಲ್ಲೇ ಸಾಕ್ಷಿಯಿದೆ. 1960ರ ದಶಕದ ಆರಂಭದಲ್ಲಿ ಮೈಸೂರು ರಾಜ್ಯ ಕೊಟ್ಟ ಜಮೀನಿನಲ್ಲಿ ಬೈಲುಕುಪ್ಪೆಯ ಟಿಬೆಟನ್ ವಸತಿ ಎದ್ದಿತು. ಮುಂಡಗೋಡ, ಹುಣಸೂರು, ಕೊಳ್ಳೇಗಾಲದ ಕಡೆಯ ವಸತಿಗಳು ಆಮೇಲೆ ಬಂದವು. ಕಾಡು ಕಡಿದು ಮೆಕ್ಕೆಜೋಳ ಬೆಳೆಯಲು ಕಲಿಯುತ್ತಿದ್ದ ಆ ಜನ ಮೊದಲು ಮಾಡಿಕೊಂಡ ವ್ಯವಸ್ಥೆಗಳಲ್ಲಿ ಶಾಲೆಯೂ ಒಂದು. ತಮ್ಮವರನ್ನೇ ಶಿಕ್ಷಕರನ್ನಾಗಿ ತಯಾರು ಮಾಡಿ, ಟಿಬೆಟನ್ ಭಾಷೆಯನ್ನೂ ಭಾರತದ ಪಠ್ಯಕ್ರಮವನ್ನೂ ಒಟ್ಟಿಗೆ ಕಲಿಸಿದ್ದು ಅವರ ಸಾಧನೆ. ದಲೈಲಾಮಾ ಅವರ ತಾಯಿಯ ನೆನಪಿನಲ್ಲಿ ನಡೆಯುವ ಫುಟ್‌ಬಾಲ್ ಪಂದ್ಯಾವಳಿಗೆ ದೇಶದ ಬೇರೆ ಬೇರೆ ಟಿಬೆಟನ್ ವಸತಿಗಳ ತಂಡಗಳು ಬರುತ್ತವೆ. ಬೈಲುಕುಪ್ಪೆಯಲ್ಲೂ ಅದು ನಡೆದಿದೆ.

ಬೈಲುಕುಪ್ಪೆಗೆ ಸಿಕ್ಕ ಜಮೀನು ಮತ್ತು ದಶಕಗಳ ಸ್ಥಿರತೆ ಹೆಚ್ಚಿನ ಶಿಬಿರಗಳಿಗೆ ಸಿಗುವುದಿಲ್ಲ. ಅಲ್ಲಿ ಎಲ್ಲವೂ ಒಂದು ವರ್ಷದ, ಎರಡು ವರ್ಷದ ಅನುದಾನದ ಮೇಲೆ ನಿಂತಿರುತ್ತದೆ. 2025ರಲ್ಲಿ ಅಮೆರಿಕ ವಿದೇಶಿ ನೆರವನ್ನು ಕಡಿತ ಮಾಡಿದಾಗ ಕಾಕುಮಾದಲ್ಲಿ ಪಡಿತರವೇ ತೀವ್ರವಾಗಿ ಇಳಿಯಿತು. ಹಸಿದ ಮಗುವಿಗೆ ಪಾಠವೂ ಹತ್ತುವುದಿಲ್ಲ, ಆಟವೂ ಬೇಡ. ಹಣ ಕಡಿಮೆಯಾದಾಗ ಮೊದಲು ಕತ್ತರಿ ಬೀಳುವುದು ತರಬೇತಿ, ಗೌರವಧನ, ಕ್ರೀಡೆಗಳ ಮೇಲೆ. ಏಕೆಂದರೆ ಗೋಡೆಯ ಹಾಗೆ ಇವನ್ನು ಫೋಟೊದಲ್ಲಿ ತೋರಿಸಲಾಗದು. ಗೌರವಧನ ಸಾಲದೆ ತರಬೇತಿ ಪಡೆದ ಶಿಕ್ಷಕರು ಬೇರೆ ಕೆಲಸಕ್ಕೆ ಹೋಗುತ್ತಾರೆ, ಇಲ್ಲವೇ ಬೇರೆ ದೇಶದಲ್ಲಿ ಪುನರ್ವಸತಿ ಸಿಕ್ಕಿ ಹೊರಡುತ್ತಾರೆ. ಅವರ ಜಾಗಕ್ಕೆ ಬಂದ ಹೊಸಬರಿಗೆ ಎಲ್ಲವನ್ನೂ ಮೊದಲಿನಿಂದ ಕಲಿಸಬೇಕು. ಆದ್ದರಿಂದ ಶಿಬಿರದಲ್ಲಿ ಪಡೆದ ತರಬೇತಿಗೆ ಆಯಾ ದೇಶದ ಶಿಕ್ಷಣ ಇಲಾಖೆಯ ಮಾನ್ಯತೆ ಸಿಗುವುದು, ನಿರಾಶ್ರಿತ ಶಿಕ್ಷಕರಿಗೆ ನ್ಯಾಯವಾದ ಸಂಬಳ ಸಿಗುವುದು ಹೊಸ ಕೈಪಿಡಿ ಬರೆಯುವುದಕ್ಕಿಂತ ತುರ್ತಿನ ಕೆಲಸ.

ನಿರಾಶ್ರಿತ ಮಕ್ಕಳ ನೆರವಿಗೆ ಹಣ ಕೊಡುವ ಸರ್ಕಾರಗಳೂ ದಾನಿಗಳೂ ಹೊಸ ಮೈದಾನದ ಉದ್ಘಾಟನೆಗೆ ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡು: ಅಲ್ಲಿ ಮಕ್ಕಳನ್ನು ಆಡಿಸುವವರು ಯಾರು, ಮುಂದಿನ ವರ್ಷವೂ ಅವರು ಅಲ್ಲಿರುತ್ತಾರೆಯೇ? ಇವಕ್ಕೆ ಸ್ಪಷ್ಟ ಉತ್ತರವಿಲ್ಲದ ಯೋಜನೆಗೆ ಎಷ್ಟೇ ಚೆಂಡು, ಎಷ್ಟೇ ಪುಸ್ತಕ ಕೊಟ್ಟರೂ ಅದು ಮಕ್ಕಳಿಗೆ ದಕ್ಕುವುದಿಲ್ಲ.